ರೆಪ್ಪೆಯಿಲ್ಲದ ಕಣ್ಣು

“ಕೇಳ್ರಪ್ಪೋ ಕೇಳಿ! ಗಿರಾಕಿಗಳು ಹಾಕಿರೋ ಮೂರು ಒಗಟು ಬಿಡಿಸಿದವನಿಗೆ ಅರ್ಧ ರಾಜ್ಯ, ರಾಜಕುಮಾರಿ ಜೊತೆ ಮದುವೆ! ತಪ್ಪಿದವನಿಗೆ ತಲೆದಂಡ!”

ಹೊನ್ನಗಿರಿಯಲ್ಲಿ ಹೀಗೆ ಡಂಗುರ ಸಾರಿಸಿದವನು ರಾಜ ಉದ್ದಂಡರಾಯ. ಗಿರಾಕಿಗಳು ಅಂದರೆ ಅವನ ಲ್ಯಾಪ್‌ಟಾಪ್ ಕೊಂಡವರು. ರಾಜರ ಕಾಲದಲ್ಲಿ ಲ್ಯಾಪ್‌ಟಾಪ್ ಎಲ್ಲಿತ್ತು ಅಂತ ತಲೆ ತಿನ್ನಬೇಡಿ, ಇತ್ತು ಅಷ್ಟೆ. ರಾಜನೇ ಅದರ ನಕ್ಷೆ ಬರೆದು, ಮಾಡಿಸಿ, ಮನೆಮನೆಗೆ ಮಾರಿದ್ದ. ಏನು ಸುಧಾರಣೆ ಬೇಕೋ ಬರೆದು ಹಾಕಿ ಅಂತ ಊರಬಾಗಿಲಲ್ಲಿ ಪೆಟ್ಟಿಗೆಯನ್ನೂ ಇಡಿಸಿದ್ದ. ಆದರೆ ಅರಸ ಮಾಡಿದ್ದಕ್ಕೆ ಹುಳುಕು ಹೇಳಿದರೆ ನಾಲಿಗೆ ಕತ್ತರಿಸುವುದು ಅಲ್ಲಿನ ಹಳೇ ಕಟ್ಟಳೆ. ನೇರವಾಗಿ ಬರೆಯೋಕೆ ಯಾರಿಗೆ ಹುಚ್ಚು? ಜನ ಒಗಟು ಬರೆದು ಹಾಕಿದರು. ರಾಜನಿಗೆ ಒಂದೂ ತಿಳಿಯದೆ ಸಿಟ್ಟು ನೆತ್ತಿಗೇರಿತು.

ಉತ್ತರ ಸರಿಯೋ ತಪ್ಪೋ ಅನ್ನುವುದು ಸಭೆಗೆ ಬಿಟ್ಟಿದ್ದು. ಸಭೆ ‘ಹೂಂ’ ಅಂದರೆ ಸರಿ, ಸುಮ್ಮನಿದ್ದರೆ ತಪ್ಪು.

ಮಂಡಕ್ಕಿ ಮಾರುವ ತಿಪ್ಪೇಶಿಗೆ ಅರ್ಧ ರಾಜ್ಯದ ಆಸೆ ಇರಲಿಲ್ಲ. ಅವನ ಅಣ್ಣ ಬೊಮ್ಮಯ್ಯ ಹಿಂದಿನ ದಿನ ಒಗಟು ಬಿಡಿಸಲು ಹೋಗಿ ತಪ್ಪು ಹೇಳಿ ಸೆರೆ ಸೇರಿದ್ದ. ಇವತ್ತು ಸಂಜೆ ಅವನ ತಲೆ ಹಾರಲಿತ್ತು. ಯಾರಾದರೂ ಗೆದ್ದರೆ ಸೆರೆಯಲ್ಲಿದ್ದವರಿಗೆಲ್ಲ ಬಿಡುಗಡೆ. ತಿಪ್ಪೇಶಿ ಪುಟ್ಟಿ ಇಳಿಸಿ ಅರಮನೆಗೆ ಬಂದ.

ಅವನ ಮುಂದೆ ಪಕ್ಕದ ದೇಶದ ಯುವರಾಜ ನಿಂತಿದ್ದ. ರಾಜ ಮೊದಲ ಒಗಟು ಕೇಳಿದ: “ಕೂಸಲ್ಲ, ತೊಡೆ ಮೇಲೆ ಕೂರುತ್ತೆ. ಕೆಂಡವಲ್ಲ, ತೊಡೆ ಸುಡುತ್ತೆ. ಯಾವುದು?”

“ತಮ್ಮ ಪ್ರತಾಪ, ಮಹಾಪ್ರಭು!” ಅಂದ ಯುವರಾಜ.

ಸಭೆ ತುಟಿ ಬಿಚ್ಚಲಿಲ್ಲ. ಭಟರು ಎಳೆದೊಯ್ದರು. ಆಮೇಲೆ ಬಂದ ಆಸ್ಥಾನ ಪಂಡಿತರು “ವಿರಹ” ಅಂದರು, ಅವರನ್ನೂ ಎಳೆದೊಯ್ದರು. ಅಯ್ಯೋ ಶಿವನೇ, ಇದೇನು ಗ್ರಹಚಾರ ಅಂದುಕೊಂಡು ತಿಪ್ಪೇಶಿ ಮುಂದೆ ಬಂದ.

“ನೀನೇನಯ್ಯಾ? ಮಿಕ್ಕ ಎರಡನ್ನೂ ಕೇಳಿಕೋ. ವರ್ಷವೆಲ್ಲ ದುಡಿದವಳಿಗೆ ಹಬ್ಬದ ದಿನ ಪೂಜೆ ಮಾಡಿದೆವು, ಮಾರನೇ ದಿನ ಅವಳ ಹಲ್ಲೆಲ್ಲ ಕಚ್ಚಿಕೊಂಡು ಮಾತೇ ನಿಂತಿತು, ಯಾರವಳು? ನಮ್ಮ ಮನೆಯೊಳಗೇ ಒಂದು ಕಣ್ಣಿದೆ, ಅದಕ್ಕೆ ರೆಪ್ಪೆ ಇಲ್ಲ, ಅದು ಯಾರದು?”

ತಿಪ್ಪೇಶಿಗೆ ದಿಗ್ಭ್ರಮೆಯಾಯಿತು. ಇಷ್ಟೇನಾ? ಇದು ಊರಿಗೆಲ್ಲ ಗೊತ್ತಿರೋದಲ್ಲವಾ! ಹಾಗಾದರೆ ಅಣ್ಣನಿಗೂ ಗೊತ್ತಿತ್ತು. ಹೇಳದಿದ್ದರೆ ತಲೆ, ಹೇಳಿದರೆ ನಾಲಿಗೆ. ಅಣ್ಣ ಹೆದರಿ ಬೇಕೆಂದೇ ತಪ್ಪು ಹೇಳಿಬಿಟ್ಟಿದ್ದ.

“ಬುದ್ಧೀ, ಮೂರೂ ನಿಮ್ಮ ಲ್ಯಾಪ್‌ಟಾಪೇ,” ಅಂದ. “ಬಿಸಿಗಾಳಿ ಹೋಗೋ ಕಿಂಡಿಯನ್ನ ತಳದಲ್ಲಿಟ್ಟಿದ್ದೀರಿ, ತೊಡೆಗೆ ಬೊಬ್ಬೆ ಬರುತ್ತೆ. ಪಕ್ಕಕ್ಕೆ ಇಡಿ. ಆಯುಧಪೂಜೆ ದಿನ ಕುಂಕುಮ, ಅಕ್ಷತೆ ಹಾಕ್ತೀವಿ, ಅದು ಕೀಲಿಗಳ ಸಂದಿಗೆ ಇಳಿದು ಒಂದಕ್ಷರವೂ ಒತ್ತೋಕಾಗಲ್ಲ. ಮೇಲೊಂದು ತೆಳು ಹೊದಿಕೆ ಕೊಡಿ. ಇನ್ನು ಆ ಕಣ್ಣು ಕ್ಯಾಮೆರಾ. ಅದಕ್ಕೊಂದು ಮುಚ್ಚಳ ಬೇಕು ಬುದ್ಧೀ. ಅದರ ಹಿಂದೆ ನೀವೇ ಕೂತು ನೋಡ್ತಿದ್ದೀರಿ ಅಂತ ಜನ ಹೆದರ್ತಾರೆ.”

ಸಭೆ ಬೆಚ್ಚಿಬಿತ್ತು. ಆದರೆ ‘ಹೂಂ’ ಬರಲಿಲ್ಲ.

ತಿಪ್ಪೇಶಿ ತಿರುಗಿ ನೋಡಿದ. ಎಲ್ಲ ಗುರುತಿನ ಮುಖಗಳೇ. ದಿನಾ ಅವನ ಹತ್ತಿರ ಮಂಡಕ್ಕಿ ಕೊಳ್ಳುವಾಗ ಇದನ್ನೇ ಗೊಣಗುತ್ತಿದ್ದವರು ಈಗ ನೆಲ ನೋಡುತ್ತಿದ್ದರು. “ಅಯ್ಯೋ, ಬಾಯಿ ಬಿಡ್ರೋ! ನನ್ನಣ್ಣ ಸಾಯ್ತಾನೆ ಕಣ್ರೋ!” ಅಂತ ಕೂಗಿಕೊಂಡ. ಭಟರು ರಟ್ಟೆ ಹಿಡಿದರು.

“ಹೂಂ.”

ಅಂದದ್ದು ಯಾರು? ರಾಜನ ಪಕ್ಕದಲ್ಲೇ ಕೂತಿದ್ದ ಮಗಳು ನಾಗಾಂಬೆ!

ಉದ್ದಂಡರಾಯನಿಗೆ ಸಿಡಿಲು ಬಡಿದಂತಾಯಿತು. “ಮಗಳೇ, ನಿನಗೂ ಗೊತ್ತಿತ್ತೇ?”

“ಗೊತ್ತಿತ್ತು ಅಪ್ಪಾಜಿ. ನನ್ನದರ ಕಣ್ಣಿಗೆ ಹಣೆಬೊಟ್ಟು ಅಂಟಿಸಿಟ್ಟಿದ್ದೀನಿ.”

“ಮತ್ತೆ ನನಗೊಂದು ಮಾತು ಹೇಳಬಾರದಿತ್ತೇ?”

“ನನಗೂ ನಾಲಿಗೆ ಬೇಕಿತ್ತಲ್ಲ ಅಪ್ಪಾಜಿ.”

ರಾಜ ತಲೆ ತಗ್ಗಿಸಿದ. ಹಿಂದಿನ ಸಾಲಿನಿಂದ ಒಬ್ಬ ಹೂಂ ಅಂದ, ಮುದುಕಿಯೊಬ್ಬಳು ಹೂಂ ಅಂದಳು, ಕೊನೆಗೆ ಇಡೀ ಸಭೆಯೇ ಹೂಂಗುಟ್ಟಿತು. ಭಟರು ಕೂಡ.

ಕಟ್ಟಳೆ ಅವತ್ತೇ ರದ್ದಾಯಿತು. ಬೊಮ್ಮಯ್ಯನೂ ಸೆರೆಯಲ್ಲಿದ್ದ ಮಿಕ್ಕವರೂ ತಲೆ ಉಳಿಸಿಕೊಂಡು ಹೊರಬಂದರು, ತಿಪ್ಪೇಶಿಗೆ ಅರ್ಧ ರಾಜ್ಯ ಸಿಕ್ಕಿತು. ಮದುವೆ ಮಾತು ಬಂದಾಗ ಅವನು ನಾಗಾಂಬೆಯ ಮುಖ ನೋಡಿ, “ನಿಮಗೆ ಒಪ್ಪಿಗೆಯಾ ಅಮ್ಮಾವ್ರೇ? ಇಲ್ಲ ಅಂದರೂ ಇನ್ನು ಯಾರ ಭಯವೂ ಇಲ್ಲ,” ಅಂದ. ಹೊನ್ನಗಿರಿಯಲ್ಲಿ ಹಾಗೆ ಯಾರೂ ಯಾರನ್ನೂ ಕೇಳಿದ್ದಿಲ್ಲ. ಅವಳು ಬೆರಗಾಗಿ ಅವನನ್ನೇ ನೋಡಿ, ಎರಡನೇ ಸಲ ಹೂಂ ಅಂದಳು.