ಕೂತವನ ದಿನ್ನೆ

ಕಮರಹಟ್ಟಿಯಿಂದ ಮೂಡಲಿಗೆ, ಹುಲ್ಲುಗಾವಲನ್ನು ಸೀಳಿಕೊಂಡು ಹೋಗುವ ಬಂಡಿದಾರಿಯ ಎಡಮಗ್ಗುಲಲ್ಲಿ ಆಳೆತ್ತರದ ಒಂದು ಮಣ್ಣಿನ ದಿನ್ನೆಯಿದೆ. ಊರಿನ ಕಡೆಯಿಂದ ನೋಡಿದರೆ ಯಾರೋ ಮಂಡಿ ಮಡಚಿ ನೆಲದ ಮೇಲೆ ಕೂತು, ಒಂದು ಕೈಯನ್ನು ಮುಂದೆ ಚಾಚಿದ ಹಾಗೆ ಕಾಣುತ್ತದೆ. ಆ ಕಡೆ ಹೋಗಿ ತಿರುಗಿ ನೋಡಿದರೆ ಬರಿಯ ಮಣ್ಣು. ಇದಕ್ಕೆ ಕೂತವನ ದಿನ್ನೆ ಎಂದು ಹೆಸರು. ಹೊರಗಿನಿಂದ ಬಂದವರು ಹೆಸರು ಕೇಳಿದ ಕೂಡಲೇ, ಇಲ್ಲಿ ಯಾವ ಋಷಿ ತಪಸ್ಸು ಮಾಡಿದ್ದು ಎಂದು ವಿಚಾರಿಸುತ್ತಾರೆ. ಅವರ ಲೆಕ್ಕದಲ್ಲಿ ಕೂತವರೆಲ್ಲ ಋಷಿಗಳೇ. ಮತ್ತೆ ಕೆಲವರು ದಿನ್ನೆಯ ಕೆಳಗೆ ನಿಧಿ ಇರಬೇಕೆಂದು ಹಾರೆ ಹಿಡಿದು ಬಂದು, ಹಾರೆಯನ್ನು ಅಲ್ಲಿಯೇ ಬಿಟ್ಟು ಓಡಿದ್ದೂ ಉಂಟು. ಇಲ್ಲಿ ಕೂತವನು ಒಬ್ಬ ರಾವುತ, ಅಂದರೆ ಪಾಳೆಯಗಾರನ ದಂಡಿನ ಕುದುರೆ ಸವಾರ. ವೈರಾಗ್ಯ ಅವನ ಹತ್ತಿರ ಸುಳಿದದ್ದೇ ಇಲ್ಲ. ನಿಂತಲ್ಲಿ ನಿಲ್ಲದವನು, ಕೂತಲ್ಲಿ ಕೂರದವನು ಎಂದೇ ಅವನ ಹೆಸರು ಹೋಗಿತ್ತು.

ಹಿಂದೆ ಒಮ್ಮೆ ಈ ಕಾವಲೆಲ್ಲ ಪಾಳೆಯಗಾರನ ಕುದುರೆಗಳು ಮೇಯುವ ನೆಲವಾಗಿತ್ತು ಎನ್ನುತ್ತಾರೆ. ಆ ಕುದುರೆಗಳಿಗೆ ಮದ್ದು ಮಾಡುತ್ತಿದ್ದವಳು ಹಟ್ಟಿಯ ಸೂರವ್ವ. ಜೀನು ಉಜ್ಜಿ ಬೆನ್ನು ಹುಣ್ಣಾದರೆ ಲೋಳೆಸರದ ತಿರುಳಿಗೆ ಅರಿಶಿನ ಕಲಸಿ ಹಚ್ಚುವಳು. ಕೆಮ್ಮಿದರೆ ಆಡುಸೋಗೆ, ಮೂತ್ರ ಕಟ್ಟಿದರೆ ನೆಗ್ಗಿಲು. ಆದರೆ ಸೊಪ್ಪು ಕೀಳುವುದು ಅವಳ ಕೆಲಸದ ಕೊನೆಯ ಭಾಗ. ಅದಕ್ಕೂ ಮೊದಲು ಕುದುರೆ ಎಲ್ಲಿ ನಿಲ್ಲುತ್ತದೆ, ಯಾವ ನೀರು ಕುಡಿಯುತ್ತದೆ, ಪಕ್ಕದ ಕಂಬದ ಜೊತೆಗಾರ ಕುದುರೆಯನ್ನು ಯಾರಾದರೂ ಬೇರೆಡೆಗೆ ಒಯ್ದರೇ, ಸವಾರ ಮನೆಯಲ್ಲಿ ಹೆಂಡತಿಯ ಮೇಲೆ ರೇಗಿ ಬಂದಿದ್ದಾನೆಯೇ, ಎಲ್ಲವನ್ನೂ ಕೇಳುವಳು. ಹಟ್ಟಿಯ ನಾಯಿಗಳು ಗರಿಕೆ ತಿಂದು ಕಕ್ಕುತ್ತಿದ್ದರೆ ಅವುಗಳನ್ನು ಗದರಿಸಲು ಬಿಡುತ್ತಿರಲಿಲ್ಲ. ಅವಕ್ಕೆ ತಮ್ಮ ಮದ್ದು ತಮಗೆ ಗೊತ್ತಿದೆ, ನಿಮಗೆ ಗೊತ್ತಿಲ್ಲ ಎಂದು ಮನುಷ್ಯರನ್ನೇ ಗದರಿಸುವಳು. ಸವಾರರಿಗೆ ಅವಳೆಂದರೆ ಭಯ, ಕುದುರೆಗಳಿಗೆ ಇಲ್ಲ.

ಅವಳ ಮನೆತನದಲ್ಲಿ ಒಂದು ಕಟ್ಟುಪಾಡಿತ್ತು. ಮದ್ದನ್ನು ಅರೆದವರೇ ಕುಡಿಸಬೇಕು. ಕುಡಿಸಿದ ಮೇಲೆ ಪ್ರಾಣಿಯ ಕೊರಳ ಮೇಲೆ ಕೈಯಿಟ್ಟು ಕೂರಬೇಕು, ಅದು ಏಳುವ ತನಕ ತಾವು ಏಳಬಾರದು. ಮದ್ದು ಹೊಟ್ಟೆಗೆ ಬಿದ್ದಾಗ ರೋಗ ಮೈಬಿಟ್ಟು ಕೆಳಗಿಳಿಯುತ್ತದೆ, ಆ ಕೈಯ ಅಡಿಯಲ್ಲಿಯೇ ಮಲಗಿ ಮೆಲ್ಲಗೆ ಮಣ್ಣಿಗೆ ಇಂಗುತ್ತದೆ ಎಂಬುದು ಅವರ ನಂಬಿಕೆ. ಇಂಗುವ ಮೊದಲೇ ಕೈ ತೆಗೆದರೆ ಅದೂ ಎದ್ದು ನಿಂತು, ಮದ್ದು ಅರೆದವರ ಮನೆಯ ದಾರಿ ಹಿಡಿಯುತ್ತದೆ. ಆ ಮನೆಯಲ್ಲಿ ಎಲ್ಲರಿಗಿಂತ ಎಳೆಯ ಜೀವ ಯಾವುದೋ ಅದರೊಳಗೆ ಸೇರಿಕೊಳ್ಳುತ್ತದೆ. ಸೂರವ್ವನ ತಮ್ಮ ತೊಟ್ಟಿಲಲ್ಲಿಯೇ ತೀರಿಹೋದದ್ದು ಅವಳ ತಾಯಿ ಹಾಗೆ ಒಮ್ಮೆ ಅವಸರಪಟ್ಟು ಎದ್ದದ್ದರಿಂದ ಎಂದು ಮನೆಯಲ್ಲಿ ಎಲ್ಲರೂ ಬಲ್ಲರು, ಯಾರೂ ಆಡುತ್ತಿರಲಿಲ್ಲ.

ರಾವುತರಲ್ಲಿ ಪಾಲಯ್ಯ ಎಂಬವನೊಬ್ಬನಿದ್ದ. ಅವನ ಹೆಣ್ಣುಕುದುರೆಯ ಹೆಸರು ಚೌರಿ. ಬೂದುಬಣ್ಣದ ಮೈ, ಬಿಳಿಯ ಬಾಲ. ಹೆಂಡಿರು ಮಕ್ಕಳಿಲ್ಲದ ಪಾಲಯ್ಯನಿಗೆ ಲೋಕವೆಂದರೆ ಆ ಕುದುರೆ ಒಂದೇ. ತಾನು ಉಣ್ಣುವ ರೊಟ್ಟಿಯಲ್ಲಿ ಅರ್ಧ ಅದಕ್ಕೆ ಕೊಟ್ಟೇ ತಿನ್ನುವನು. ಒಂದು ಬೇಸಗೆಯಲ್ಲಿ ದೂರದಿಂದ ದೌಡಾಯಿಸಿಕೊಂಡು ಬಂದವನು, ಬೆವರು ಆರುವ ಮೊದಲೇ ಚೌರಿಗೆ ಹೊಟ್ಟೆತುಂಬ ತಣ್ಣೀರು ಕುಡಿಸಿ, ಮೇಲೆ ನೆನೆದ ಹುರುಳಿಯನ್ನು ಇಟ್ಟ. ಪ್ರೀತಿಯಿಂದಲೇ ಇಟ್ಟ. ಮಾರನೆಯ ದಿನ ಹೊತ್ತೇರುವಷ್ಟರಲ್ಲಿ ಕಾವಲಿನ ನಡುವೆ ಚೌರಿ ಹೊಟ್ಟೆ ಕಟ್ಟಿ ಬಿದ್ದಿತು. ಕಾಲು ಝಾಡಿಸುವುದು, ತಿರುಗಿ ತಿರುಗಿ ತನ್ನ ಪಕ್ಕೆಯನ್ನೇ ನೋಡುವುದು, ನರಳುವುದು. ಸೂರವ್ವ ಬಂದು ಪಕ್ಕೆಗೆ ಕಿವಿಯಿಟ್ಟು ಆಲಿಸಿದಳು. ಒಳಗೆ ಏನೂ ಸದ್ದಿಲ್ಲ. ಓಮ, ಶುಂಠಿ, ಇಂಗು ಅರೆದು ಬೆಲ್ಲದ ನೀರಿನಲ್ಲಿ ಕದಡಿದಳು. ಬಿಸಿ ತವುಡಿನ ಗಂಟಿನಿಂದ ಹೊಟ್ಟೆಗೆ ಕಾವು ಕೊಡಲು ಲಾಯದವರಿಗೆ ಹೇಳಿದಳು. ಮದ್ದು ಕುಡಿಸುವ ಬಿದಿರಿನ ಗೊಟ್ಟವನ್ನು ತುಂಬಿ ಕೈಗೆ ತೆಗೆದುಕೊಳ್ಳುವಷ್ಟರಲ್ಲಿ ಹಟ್ಟಿಯ ಕಡೆಯಿಂದ ಒಬ್ಬ ಮುದುಕಿ ಎದೆ ಬಡಿದುಕೊಳ್ಳುತ್ತ ಓಡಿ ಬಂದಳು.

"ಸೂರೀ, ನಿನ್ನ ಮಗಳು ಪಾಪವ್ವ ಬೆಳಗಿನಿಂದ ಹೆರಿಗೆ ನೋವಲ್ಲಿ ಒದ್ದಾಡ್ತಾ ಅವ್ಳೆ. ಕೂಸು ಅಡ್ಡ ತಿರುಗೈತೆ. ನೀನು ಬರ್ದೆ ಇದ್ರೆ ಎರಡು ಜೀವಾನೂ ಉಳಿಯಾಕಿಲ್ಲ."

ಹಟ್ಟಿಯಲ್ಲಿ ಅಡ್ಡ ತಿರುಗಿದ ಕೂಸನ್ನು ಸರಿಪಡಿಸುವ ಕೈ ಸೂರವ್ವನದು ಒಂದೇ. ಅವಳು ಗೊಟ್ಟವನ್ನು ನೋಡಿದಳು, ಚೌರಿಯನ್ನು ನೋಡಿದಳು. ಕುಡಿಸಿದರೆ ಏಳುವಂತಿಲ್ಲ, ಕುಡಿಸದೆ ಹೋದರೆ ಕುದುರೆ ಸಾಯುತ್ತದೆ. ಪಾಲಯ್ಯ ಅವಳ ಕೈಯಿಂದ ಗೊಟ್ಟವನ್ನು ಕಿತ್ತುಕೊಂಡು, "ನಾನು ಕುಡಿಸ್ತೀನಿ, ನಾನೇ ಕುಂತಿರ್ತೀನಿ. ನೀನು ಹೋಗವ್ವ" ಎಂದ. ಒಬ್ಬರು ಅರೆದ ಮದ್ದನ್ನು ಇನ್ನೊಬ್ಬರು ಕುಡಿಸಿದ ದಾಖಲೆ ಅವಳ ಮನೆತನದಲ್ಲಿ ಇರಲಿಲ್ಲ. ಹಾಗೆ ಮಾಡಿದರೆ ಏನಾಗುತ್ತದೆಂದು ಹೇಳುವವರೂ ಇರಲಿಲ್ಲ. ಹೆತ್ತ ಕರುಳು ತಡೆಯಲಿಲ್ಲ, ಸೂರವ್ವ ಹೂಂ ಎಂದಳು. "ಚೌರಿ ಏಳೋಗಂಟ ಕೈ ತೆಗೀಬ್ಯಾಡ ಕಣಪ್ಪ. ತೆಗೆದ್ರೆ ರೋಗ ಬರಾದು ನನ್ನ ಮನೀಗೆ" ಎಂದಷ್ಟೇ ಹೇಳಿ ಸೀರೆಯ ನೆರಿಗೆ ಎತ್ತಿ ಕಟ್ಟಿಕೊಂಡು ಓಡಿದಳು.

ನೆತ್ತಿಯ ಮೇಲೆ ಸೂರ್ಯ ಬಂದು ನಿಂತಿದ್ದ. ಪಾಲಯ್ಯ ಮದ್ದು ಕುಡಿಸಿ, ಚೌರಿಯ ಕೊರಳ ಮೇಲೆ ಕೈಯಿಟ್ಟು ಕೂತ. ಗಾಳಿ ನಿಂತುಹೋಯಿತು. ಹುಲ್ಲಿನೊಳಗಿನ ಗೌಜಲಕ್ಕಿಗಳು ಕೂಗುವುದನ್ನು ನಿಲ್ಲಿಸಿದವು. ಸ್ವಲ್ಪ ಹೊತ್ತಿಗೆ ಲಾಯದವರು ಸಂತೋಷದಿಂದ ಕೇಕೆ ಹಾಕಿದರು. ಚೌರಿ ಎದ್ದಿತ್ತು. ಮೈ ಕೊಡವಿ, ಲದ್ದಿ ಹಾಕಿ, ನಾಲ್ಕು ಹೆಜ್ಜೆ ನಡೆದು ಹುಲ್ಲಿಗೆ ಬಾಯಿಟ್ಟಿತು. "ಏಳು ರಾವುತ, ಎದ್ಲು ನಿನ್ನ ಚೌರಿ" ಎಂದು ಕೂಗಿದರು. ಪಾಲಯ್ಯನಿಗೂ ಅದು ಕಾಣುತ್ತಿತ್ತು. ಏಳಲು ಮಂಡಿ ಊರಿದವನು ಹಾಗೆಯೇ ತಡೆದ. ಅವನ ಅಂಗೈಯ ಕೆಳಗೆ ಕುದುರೆಯ ಕೊರಳು ಇನ್ನೂ ಬೆಚ್ಚಗೆ ಇತ್ತು. ಬೆವತ ಕೂದಲು ಬೆರಳಿಗೆ ಹತ್ತುತ್ತಿತ್ತು. ಅದು ಉಸಿರಾಡುತ್ತಿತ್ತು. ಅವನು ಮತ್ತೆ ಕೂತ. ಲಾಯದವರು ನಗುತ್ತ ಹತ್ತಿರ ಬಂದವರು ನಗು ನಿಲ್ಲಿಸಿದರು. ಅವನ ಕೈ ಬರಿಯ ಗಾಳಿಯ ಮೇಲೆ, ಕೊರಳಿನ ಎತ್ತರದಲ್ಲಿ ತಡೆದು ನಿಂತಿತ್ತು. ಅದರ ಕೆಳಗೆ ಹುಲ್ಲು ಭಾರಕ್ಕೆ ಒರಗಿದಂತೆ ಒರಗಿತ್ತು. ನೊಣಗಳು ಬಂದು ನೆಲದಿಂದ ಮೇಲೆ, ಏನೂ ಇಲ್ಲದ ಕಡೆ, ಸಾಲಾಗಿ ಕೂರುತ್ತಿದ್ದವು. ನೊಣ ಕೂತಲ್ಲೆಲ್ಲ ಒಂದು ಮಲಗಿದ ಕುದುರೆಯ ಬೆನ್ನು, ಪಕ್ಕೆ, ಕಿವಿ ತಿಳಿಯುತ್ತಿತ್ತಂತೆ.

ಹೊತ್ತು ಇಳಿಯುವಾಗ ಸೂರವ್ವ ಹಿಂತಿರುಗಿದಳು. ಮಗಳು ಬದುಕಿದ್ದಳು, ಹೆಣ್ಣುಕೂಸು ಹುಟ್ಟಿತ್ತು; ಅವಳ ಮನೆಯಲ್ಲಿ ಈಗ ಎಲ್ಲರಿಗಿಂತ ಎಳೆಯ ಜೀವ ಅದೇ. ಮೇಯುತ್ತಿದ್ದ ಚೌರಿಯನ್ನು ಕಂಡು ಮುಖವರಳಿಸಿ ಬಂದವಳು ಪಾಲಯ್ಯನನ್ನು ಕಂಡು ಅಲ್ಲಿಯೇ ನಿಂತಳು. ಮಂಡಿಯೂರಿ ಅವನ ಕೈಯ ಪಕ್ಕದಲ್ಲಿ, ಬೆಳಿಗ್ಗೆ ಪಕ್ಕೆಗೆ ಕಿವಿಯಿಟ್ಟ ಹಾಗೆಯೇ, ಕಿವಿಯಿಟ್ಟಳು. ಏನೂ ಇಲ್ಲದ ಕಡೆ ಉಸಿರಾಟ ಕೇಳಿಸಿತು. ಅರೆದದ್ದು ಒಂದು ಕೈ, ಕುಡಿಸಿದ್ದು ಇನ್ನೊಂದು ಕೈ. ರೋಗಕ್ಕೆ ಯಾರ ಕೈಗೆ ಮಣಿದು ಇಂಗಬೇಕೆಂದು ತಿಳಿಯದೆ ಅದು ಇಂಗದೆ ಉಳಿದಿತ್ತು. "ನಾನು ಮಾಡಿದ ತಪ್ಪು, ನಾನು ಕುಂತ್ಕೊಂತೀನಿ. ನೀನು ಏಳಪ್ಪ" ಎಂದಳು. ಪಾಲಯ್ಯ ಅವಳ ಕೈಗಳನ್ನು ನೋಡಿದ. ಹೆರಿಗೆಯ ರಕ್ತ ಉಗುರಿನ ಸಂದಿಯಲ್ಲಿ ಇನ್ನೂ ಇತ್ತು. "ಕೂಸನ್ನ ಮುಟ್ಟಿದ ಕೈ ಇದರ ಮ್ಯಾಲೆ ಇಡಬ್ಯಾಡವ್ವ. ಇವತ್ತಲ್ಲ ನಾಳೆ ಇಂಗ್ತೈತೆ" ಎಂದ.

ಅದು ಇಂಗಲಿಲ್ಲ. ಸೂರವ್ವ ದಿನವೂ ಬುತ್ತಿ ತಂದು ಅವನ ಎಡಗೈಗೆ ಕೊಡುತ್ತಿದ್ದಳು. ಬಲಗೈ ದಣಿದರೆ ಎಡಗೈ ಇಟ್ಟೇ ಬಲಗೈ ತೆಗೆಯುವನು. ಕಾವಲಿನ ಧೂಳು ಬಂದು ಅವನ ತೊಡೆಯ ಮೇಲೆ, ಹೆಗಲ ಮೇಲೆ ಕೂರತೊಡಗಿತು. ಅವನು ಕೊಡವಲಿಲ್ಲ. ಎಲ್ಲಕ್ಕಿಂತ ಕಷ್ಟವಾದದ್ದು ಚೌರಿ. ಅದು ಮಧ್ಯಾಹ್ನವಾದರೆ ಬಂದು, ದೂರದಲ್ಲಿ ನಿಂತು, ಅವನನ್ನು ನೋಡಿ ಕೆನೆಯುತ್ತಿತ್ತು. ಹತ್ತಿರ ಬರಲು ಮಾತ್ರ ಅದಕ್ಕೆ ಭಯ. ಅವನು ತಲೆ ತಿರುಗಿಸಿಬಿಡುವನು, ನೋಡಿದರೆ ಎದ್ದುಬಿಟ್ಟೇನೆಂದು. ಒಮ್ಮೆ ಸೂರವ್ವನನ್ನು, "ಕೂಸು ಹೆಂಗೈತವ್ವ?" ಎಂದು ಕೇಳಿದ. ಕೂಸನ್ನು ಅಲ್ಲಿಗೆ ತರುವ ಧೈರ್ಯ ಅವಳಿಗಿರಲಿಲ್ಲ. "ಐತಪ್ಪ. ಗಟ್ಟಿಮುಟ್ಟಾಗೈತೆ. ಎತ್ತಿಕೊಂಡ್ರೆ ಒದೀತೈತೆ" ಎಂದಳು. "ಒದೀತೈತಾ? ಹಂಗಾದ್ರೆ ಚೌರಿ ಅಂತ ಹೆಸರಿಡು" ಎಂದು ನಕ್ಕನಂತೆ. ಅವನು ನಕ್ಕದ್ದು ಅದೇ ಕೊನೆ. ಮುಂದೆ ಪಾಳೆಯಗಾರ ಸವಾರನಿಲ್ಲದ ಕುದುರೆಯನ್ನು ಸುಮ್ಮನೆ ಸಾಕಲಾರದೆ ಬೇರೊಬ್ಬ ರಾವುತನಿಗೆ ಕೊಟ್ಟ. ಆ ರಾವುತ ಅದನ್ನು ಹತ್ತಿ ಇದೇ ಬಂಡಿದಾರಿಯಲ್ಲಿ ಹೋದಾಗ ಪಾಲಯ್ಯ ತಲೆ ತಿರುಗಿಸಲಿಲ್ಲ. ಚೌರಿ ಕಣ್ಮರೆಯಾಗುವ ತನಕ ನೋಡಿದ, ಬಾಯಿಬಿಟ್ಟು ಅತ್ತ, ಆದರೆ ಕೈ ತೆಗೆಯಲಿಲ್ಲ. ಆಮೇಲೆ ಅವನು ಮಾತಾಡಿದ್ದನ್ನು ಯಾರೂ ಕೇಳಿಲ್ಲ. ಅವನು ಯಾವಾಗ ಸತ್ತನೆಂದು ಯಾರಿಗೂ ತಿಳಿಯದು, ಸತ್ತನೆಂದೂ ಹಟ್ಟಿಯಲ್ಲಿ ಹೇಳುವುದಿಲ್ಲ. ಮಣ್ಣು ಮೊದಲು ಸೊಂಟಕ್ಕೆ ಬಂತು, ಆಮೇಲೆ ಕೊರಳಿಗೆ ಬಂತು ಎಂದಷ್ಟೇ ಹೇಳುತ್ತಾರೆ.

ಈಗ ಬಂದವರಿಗೆ ದಿನ್ನೆಯ ಮುಂದೆ, ಚಾಚಿದ ಕೈಯಂತಿರುವ ಮಣ್ಣಿನ ಅಡಿಯಲ್ಲಿ, ಉದ್ದನೆಯ ತಗ್ಗೊಂದು ಕಾಣುತ್ತದೆ. ಸುತ್ತ ಮಂಡಿಯುದ್ದ ಹುಲ್ಲಿದ್ದರೂ ತಗ್ಗಿನೊಳಗಿನ ಹುಲ್ಲು ಸದಾ ಒರಗಿಯೇ ಇರುತ್ತದೆ. ಬಿಸಿಲು ನೆತ್ತಿಗೇರಿದಾಗ ಅಲ್ಲಿ ಕಿವಿಗೊಟ್ಟವರು ಉಸಿರಾಟ ಕೇಳಿದೆ ಎನ್ನುತ್ತಾರೆ. ಗಾಳಿಯ ಸದ್ದು ಎನ್ನುವ ಜಾಣರೂ ಇದ್ದಾರೆ, ಅವರನ್ನು ಇನ್ನೊಂದು ಸಲ ಕಿವಿಯಿಡಿ ಎಂದರೆ ಇಡುವುದಿಲ್ಲ. ಬೇರೆ ಗುಡಿಗಳಲ್ಲಿ ಜನ ಗಂಟೆ ಬಾರಿಸಿ ದೇವರನ್ನು ಎಬ್ಬಿಸುತ್ತಾರೆ, ಇಲ್ಲಿ ಮಾತ್ರ ಪಿಸುಮಾತಿನಲ್ಲಿ ಬೇಡಿಕೊಳ್ಳುತ್ತಾರೆ. ಬೇಡುವವರು ಹೆಚ್ಚಾಗಿ ಒಂದೇ ಮನೆಯವರು, ಆ ಒದೆಯುವ ಕೂಸು ಚೌರಮ್ಮನ ವಂಶದವರು. ನಾನೂ ಅದೇ ಮನೆಯವನು. ಹೋದ ತಿಂಗಳು ನನಗೆ ಮೊಮ್ಮಗಳು ಹುಟ್ಟಿದಳು. ಕೂಸನ್ನು ಮನೆಯಲ್ಲಿಯೇ ಬಿಟ್ಟು ನಾನೊಬ್ಬನೇ ದಿನ್ನೆಗೆ ಹೋದೆ. ಇಷ್ಟು ಕಾಲ ಕೂತವನಿಗೆ ಸಾಕಪ್ಪ, ಇನ್ನು ಏಳು ಎನ್ನಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ, ನ್ಯಾಯವೂ ಅದೇ. ಎದುರಿಗೆ ನಿಂತಾಗ ಬಾಯಿಗೆ ಬಂದದ್ದು ನಮ್ಮ ಮನೆಯವರೆಲ್ಲ ಹೇಳಿಕೊಂಡು ಬಂದ ಮಾತೇ: "ಇನ್ನೊಂದು ಗಳಿಗೆ ಕುಂತಿರಪ್ಪ."