ಟಿಕ್ ತೆಗೆದ ಸೋಮಯ್ಯ

ಒಂದು ಕಾಡಿನಲ್ಲಿ ಕೆರೆಯ ಹತ್ತಿರ ದಿನಾ ನೂಕುನುಗ್ಗಲು. ಅದಕ್ಕೆಂದು ಪ್ರಾಣಿಗಳು ಆಲದ ಪೊಟರೆಯಲ್ಲಿ ಒಂದು ಕಂಪ್ಯೂಟರ್ ಇಟ್ಟವು. ಯಾರು ಯಾವ ಹೊತ್ತಿಗೆ ನೀರಿಗೆ ಹೋಗುತ್ತಾರೆಂದು ಅದರಲ್ಲಿ ಮೊದಲೇ ತಿಳಿಸಬೇಕು. ಅದನ್ನು ಜೋಡಿಸಿಕೊಟ್ಟವನು ಸೋಮಯ್ಯನೆಂಬ ನರಿ. ಅದಕ್ಕೆ ಕುಂಕುಮ ಹಚ್ಚಿ ಹಾರ ಹಾಕಿ, "ಇದು ನಂದಾದೀಪ ಇದ್ದ ಹಾಗೆ. ಯಾವತ್ತೂ ಆರಿಸಬೇಡಿ, ಕಾಡಿಗೇ ಕೇಡು" ಎಂದ. ಎಲ್ಲವೂ ಕೈಮುಗಿದವು.

ಒಂದು ದಿನ ಬೆಳ್ಳಕ್ಕ ಎಂಬ ಮೊಲದ ದೊಡ್ಡ ಮರಿ ಕೆರೆಗೆ ಹೋದದ್ದು ಮರಳಲಿಲ್ಲ. ಬೆಳ್ಳಕ್ಕ ಅಳುತ್ತಲೇ ಕಂಪ್ಯೂಟರಿನ ಸೆಟ್ಟಿಂಗ್ಸ್ ತೆರೆದು ನೋಡಿದಳು. 'ಎಲ್ಲರ ಹೊತ್ತನ್ನೂ ಸೋಮಯ್ಯನ ಮೊಬೈಲಿಗೂ ಕಳುಹಿಸು' ಎಂಬಲ್ಲಿ ಟಿಕ್ ಇತ್ತು!

"ಅಯ್ಯೋ ತಾಯಿ, ಕಾವಲಿಗೆ ಅಂತ ಹಾಕಿದ್ದೆ. ನಿಮಗೆ ಅನುಮಾನ ಇದ್ದರೆ ಈಗಲೇ ತೆಗೆದೆ, ನೋಡಿ" ಎಂದು ಸೋಮಯ್ಯ ಎಲ್ಲರ ಮುಂದೆ ಟಿಕ್ ತೆಗೆದ. ಪಾಪ, ಒಳ್ಳೆಯವನು ಎಂದುಕೊಂಡು ಎಲ್ಲವೂ ಮನೆಗೆ ಹೋದವು. ಅವುಗಳ ಬುದ್ಧಿಗಿಷ್ಟು!

ಮರುದಿನ ಬೆಳ್ಳಕ್ಕ ಬೆಳಿಗ್ಗೆ ಕಂಪ್ಯೂಟರಿಗೆ ತಿಳಿಸಿದ್ದ ಹೊತ್ತಿಗೆ ಉಳಿದಿದ್ದ ಒಂದೇ ಮರಿಯನ್ನು ಕರೆದುಕೊಂಡು ನೀರಿಗೆ ಹೋದಳು. ಪೊದೆಯಿಂದ ಸೋಮಯ್ಯನ ಬಾಲ ಹೊರಗೆ ಚಾಚಿತ್ತು. ಮರಿಯನ್ನು ಎಳೆದುಕೊಂಡು ಓಡಿದವಳು ಸೀದಾ ಪೊಟರೆಗೆ ಬಂದಳು.

ಟಿಕ್ ಇರಲಿಲ್ಲ, ನಿಜ. ಆದರೆ ಯಾರೂ ಮುಟ್ಟದ ಕಂಪ್ಯೂಟರಿನ ಫ್ಯಾನ್ ಏದುಸಿರು ಬಿಡುತ್ತಿತ್ತು. ಒಳಗೆ ಏನೇನು ನಡೆಯುತ್ತಿದೆ ಎಂದು ಅವಳು ತೆರೆದು ನೋಡಿದಳು. ಟಿಕ್ ತೆಗೆಯುವ ಮೊದಲೇ ಶುರುವಾಗಿದ್ದ, ಸೋಮಯ್ಯನ ಮೊಬೈಲಿಗೆ ಕಳುಹಿಸುವ ಹಳೆಯ ಕೆಲಸ ಹಿಂದೆ ಹಾಗೇ ಓಡುತ್ತಿತ್ತು! ಕಂಪ್ಯೂಟರನ್ನು ಒಮ್ಮೆ ಆರಿಸಿ ಹಚ್ಚಿದ್ದರೆ ಅದು ನಿಲ್ಲುತ್ತಿತ್ತು. ಆರಿಸಬಾರದೆಂದು ಅವನು ಹೆದರಿಸಿದ್ದು ಅದಕ್ಕೇ. ಬೆಳ್ಳಕ್ಕನ ಮೈಯೆಲ್ಲ ಉರಿದುಹೋಯಿತು.

"ನನ್ನ ಮಗೂನ ತಿಂದು, ನಮ್ಮ ಕೈಲೇ ಕೈಮುಗಿಸಿಕೊಂಡ್ಯೇನೋ ಪಾಪಿ!"

ಅವಳು ತಡಮಾಡಲಿಲ್ಲ. 'ಬೆಳ್ಳಕ್ಕ ಮತ್ತು ಮರಿ, ನಾಳೆ ಮಧ್ಯಾಹ್ನ' ಎಂದು ಕಂಪ್ಯೂಟರಿಗೆ ತಿಳಿಸಿದಳು. ಬಾಯಿಬಿಟ್ಟು ಹೇಳಿದ್ದು ಆನೆ ಗಿರಿಯಜ್ಜನಿಗೆ ಮಾತ್ರ. ಮರುದಿನ ಮಧ್ಯಾಹ್ನಕ್ಕೆ ಸರಿಯಾಗಿ ಕೆರೆಯ ಬಳಿಯ ಪೊದೆ ಅಲುಗಿತು. ಮರೆಯಲ್ಲಿ ಕಾಯುತ್ತಿದ್ದ ಗಿರಿಯಜ್ಜ ಸೊಂಡಿಲು ಹಾಕಿ ಸೋಮಯ್ಯನನ್ನು ಮೇಲೆತ್ತಿದ.

"ಬಿಡಜ್ಜಾ! ಎಲ್ಲರ ಮುಂದೆ ಟಿಕ್ ತೆಗೆದಿದ್ದೆನಲ್ಲಾ!"

"ಟಿಕ್ ತೆಗೆದೆ. ಕೆಲಸ ನಿಲ್ಲಿಸಿದೆಯಾ?" ಎಂದು ಬೆಳ್ಳಕ್ಕ ಕಿರುಚಿದಳು. ಗಿರಿಯಜ್ಜ ಅವನನ್ನು ಕಾಡಿನಾಚೆಯ ಮುಳ್ಳುಕಂಟಿಗೆ ಬೀಸಿ ಒಗೆದ.

ಆಮೇಲೆ ಬೆಳ್ಳಕ್ಕ ಕಂಪ್ಯೂಟರ್ ಆರಿಸಲು ಹೋದಳು. ಪ್ರಾಣಿಗಳೆಲ್ಲ ಹೆದರಿ ಕಣ್ಣುಮುಚ್ಚಿದವು. ಪರದೆ ಕಪ್ಪಾಯಿತು. ಯಾವ ಕೇಡೂ ಆಗಲಿಲ್ಲ. ಅವಳು ಮತ್ತೆ ಹಚ್ಚಿ, ಹಳೆಯ ಕೆಲಸ ಎಲ್ಲೂ ಇಲ್ಲವೆಂದು ತಾನೇ ಹುಡುಕಿ ಖಾತ್ರಿ ಮಾಡಿಕೊಂಡಳು. ಆಮೇಲಷ್ಟೇ ಮರಿಯನ್ನು ನೀರು ಕುಡಿಯಲು ಬಿಟ್ಟಳು.

ನೀತಿ: ಕೇಡು ನಿಂತಿತೆಂದು ಕೇಡಿಗನೇ ಹೇಳಿದರೆ ನಂಬಬಾರದು, ಒಳಹೊಕ್ಕು ನಾವೇ ನೋಡಬೇಕು.