ರೊಟ್ಟಿ ಮೇಲೆ ನಿಂತ ಜೀಪು

ಬೆಳಿಗ್ಗೆ ಅತ್ತೆ, ಮಧ್ಯಾಹ್ನ ಏಣಿ, ಸಂಜೆ ದೊರೆಯ ಊಟ. ಏನದು, ಹೇಳ್ರಿ ನೋಡೋಣ?

ಬಿಡ್ರಿ. ತಲೆ ಕೆರೆದುಕೊಂಡರೆ ಕೂದಲು ಉದುರುತ್ತದೆ ಅಷ್ಟೆ. ನಮ್ಮ ಮಾಸ್ತರಿಗೂ ಹೊಳೆಯಲಿಲ್ಲ, ಸಿಟ್ಟಿಗೆ ನನ್ನನ್ನೇ ಹೊರಗೆ ನಿಲ್ಲಿಸಿದರು. ಕತೆ ಕೇಳ್ರಿ, ಉತ್ತರ ಅದರೊಳಗೇ ಇದೆ.

ಒಂದಾನೊಂದು ಊರು. ಊರೆಂದರೆ ರೊಟ್ಟಿ ಹಂಚಿನಷ್ಟು ಸಪಾಟು. ಅಲ್ಲಿಯ ದೊರೆಗೆ ಆನೆ ಇತ್ತು, ಕುದುರೆ ಇತ್ತು, ಗುಡ್ಡ ಇರಲಿಲ್ಲ. ಪಕ್ಕದ ದೊರೆಗೆ ಗುಡ್ಡ ಇತ್ತು. ಅದೇ ಸಂಕಟದಲ್ಲಿ ದೊರೆ ಸೊರಗಿದ, ಸೊರಗಿದ, ಕಿರೀಟ ಜಾರಿ ಕೊರಳಿಗೆ ಬರುವಷ್ಟು ಸೊರಗಿದ. ಕೊನೆಗೆ ಸಂತೆ ದಾರಿಗೆ ಅಡ್ಡಲಾಗಿ ಒಂದು ಹಂಪ್ ಹಾಕಿಸಿದ. ‘ನನ್ನ ಗುಡ್ಡ’ ಅಂತ ಹೆಸರಿಟ್ಟ. ದಿನಾ ಬೆಳಿಗ್ಗೆ ಅದರ ಮೇಲೆ ನಿಂತು, ಪಕ್ಕದ ರಾಜ್ಯದ ಕಡೆ ನೋಡಿ ಮೀಸೆ ತಿರುವುತ್ತಿದ್ದ.

ಗುಡ್ಡ ಸವೆಯಬಾರದಲ್ಲ? ಕಾನೂನು ಬಂತು. ಗುಡ್ಡಕ್ಕೆ ಹೊಟ್ಟೆ ತಾಗಿಸಿದ ಗಾಡಿ ಸೀದಾ ಗುಜರಿಗೆ, ಒಳಗಿದ್ದವರ ಸಮೇತ. ಗುಜರಿ ತ್ವಾಟಪ್ಪ ಗುಡ್ಡದ ಪಕ್ಕದಲ್ಲೇ ತಕ್ಕಡಿ ತೂಗುಹಾಕಿಕೊಂಡು ಕೂತ. ಅವನ ಅಂಗಳದಲ್ಲಿ ಆಗಲೇ ಒಂದು ಟೆಂಪೋ ಇತ್ತು, ಟೆಂಪೋದೊಳಗೆ ಮದುವೆಗೆ ಹೊರಟಿದ್ದ ಬ್ಯಾಂಡಿನವರಿದ್ದರು. ಪಾಪ, ಅಲ್ಲೇ ಕೂತು ಬಾರಿಸುತ್ತಿದ್ದರು.

ಅದೇ ಊರಲ್ಲಿ ಫಕೀರವ್ವ ಇದ್ದಳು. ಸಂತೆಗೆ ಹೋಗುವ ಜನರನ್ನೂ ಆಡುಗಳನ್ನೂ ಜೀಪಿನಲ್ಲಿ ಹೇರಿಕೊಂಡು ಹೋಗುವುದು ಅವಳ ಬದುಕು. ಜೀಪು ಅವಳ ಅತ್ತೆ ಸಾಯುವಾಗ ಬಿಟ್ಟುಹೋದದ್ದು. ಥೇಟ್ ಅತ್ತೆಯ ಹಾಗೇ ಮಾತಾಡುತ್ತಿತ್ತು. ಅದಕ್ಕೇ ಫಕೀರವ್ವ ಅದನ್ನು ‘ಅತ್ತಿ’ ಅಂತಲೇ ಕರೆಯುತ್ತಿದ್ದಳು. ಎಂಥಾ ಜೀಪು ಅಂತೀರಿ! ನಾಲ್ಕೂ ಗಾಲಿ ಎಳೆಯುವಂಥದ್ದು. ಎರೆ ಮಣ್ಣಿನ ಕೆಸರಲ್ಲಿ ಲಾರಿ ಹೂತರೆ ಅತ್ತಿ ಬೈಯುತ್ತಾ ಹೋಗಿ, ಬೈಯುತ್ತಾ ಎಳೆದು, ಬೈಯುತ್ತಾ ಮನೆಗೆ ಬರುತ್ತಿದ್ದಳು. ಆದರೆ ವಯಸ್ಸಾಗಿ ಸೊಂಟ ಕುಸಿದಿತ್ತು. ಹೊಟ್ಟೆ ನೆಲಕ್ಕೆ ಹತ್ತಿರ ಬಂದಿತ್ತು.

“ಸೊಸಿ, ಬರೋ ಸಂತಿಗೆ ನನ್ನ ಹೊಟ್ಟಿ ಆ ಗುಡ್ಡಕ್ಕ ತಾಗೂದು ಖರೆ. ತ್ವಾಟಪ್ಪ ನನ್ನ ತೂಕಕ್ಕ ಹಾಕ್ತಾನ. ನಿನಗೇನ, ಆರಾಮ ಆತು.”

“ಸುಮ್ಕಿರ್ರಿ ಅತ್ತಿ. ನಿಮ್ಮನ್ನ ಗುಜರಿಗೆ ಹಾಕೂದಾಗಿದ್ರ, ನೀವು ಮೊದಲ ಬಾಯಿ ತಗದ ದಿನಾನ ಹಾಕ್ತಿದ್ದೆ.”

ಹಾಗಂದವಳೇ ಫಕೀರವ್ವ ಸೆರಗಿನ ಗಂಟು ಬಿಚ್ಚಿ ದುಡ್ಡು ಎಣಿಸಿದಳು. ಗಾಲಿಗಳ ಮೇಲೆ ಜೀಪನ್ನು ಎತ್ತಿ ಹಿಡಿಯುವ ಕಮಾನು ಪಟ್ಟಿ ಹೊಸದು ಹಾಕಿಸುವಷ್ಟು ಅನುಕೂಲ ಅವಳಿಗಿರಲಿಲ್ಲ. ಚಾಪೆ ಹಾಸಿ ಜೀಪಿನ ಕೆಳಗೆ ಮಲಗಿ ನೋಡಿದಳು. ಕಬ್ಬಿಣದ ಪಟ್ಟಿಗಳು. ಒಂದರ ಮೇಲೊಂದು, ಒಂದರ ಮೇಲೊಂದು. ಅದರ ಮೇಲೆ ಇಡೀ ಜೀಪು.

“ಅಯ್ಯ! ಇದು ರೊಟ್ಟಿ ಒಟ್ಟಿದಂಗ ಐತಲ್ಲ!”

ಫಕೀರವ್ವನ ಕಟಕ ರೊಟ್ಟಿ ಅಂದರೆ ಹುಡುಗಾಟವಲ್ಲ. ಅವಳ ಗಂಡ ಅವನ್ನು ಒಟ್ಟಿಕೊಂಡು, ಮೇಲೆ ಕೂತು ಕ್ಷೌರ ಮಾಡಿಸಿಕೊಳ್ಳುತ್ತಿದ್ದ. ಫಕೀರವ್ವ ಜೋಳದ ಹಿಟ್ಟು ನಾದಿ ಮಾರುದ್ದದ ರೊಟ್ಟಿ ಬಡಿದಳು, ಬಿಸಿಲಿಗೆ ಒಣಗಿಸಿದಳು. ಕಬ್ಬಿಣದ ಪಟ್ಟಿಗಳ ಜೊತೆ ಜೋಡಿಸಿದಳು. ನಡುವೆ ಗ್ರೀಸ್ ಬೇಕಲ್ಲ, ಶೇಂಗಾ ಚಟ್ನಿಗೆ ಎಣ್ಣೆ ಕಲಸಿ ಹಚ್ಚಿದಳು. ಬೋಲ್ಟು ಬಿಗಿದಳು. ಜಾಕಿ ಇಳಿಸಿದಳು. ಅತ್ತಿ ಮಾತ್ರ ಇಳಿಯಲಿಲ್ಲ! ಮದುಮಗಳ ಹಾಗೆ ಎದೆ ಸೆಟೆಸಿ ನಿಂತಳು. ಓಣಿಯ ಜನ ಬಾಯಿ ಮೇಲೆ ಕೈ ಇಟ್ಟುಕೊಂಡರು.

“ಹೆಂಗೈತಿ ಅತ್ತಿ?”

“ಉಪ್ಪು ಕಡಿಮಿ ಆಗೇತಿ.”

ಸಂತೆಯ ದಿನ ಅತ್ತಿ ಗುಡ್ಡ ದಾಟಿದಳು. ಹೊಟ್ಟೆಗೂ ಗುಡ್ಡಕ್ಕೂ ನಡುವೆ ಒಂದು ಕೋಳಿ ನಡೆದು ಹೋಯಿತು. ತ್ವಾಟಪ್ಪ ತಕ್ಕಡಿ ಕೆಳಗಿಟ್ಟ. ದೊರೆಗೆ ಮಾತ್ರ ಅವಮಾನವಾಯಿತು.

“ನನ್ನ ಗುಡ್ಡ ಇಲ್ಲೇ ಇಲ್ಲ ಅನ್ನೂಹಂಗ ಹೋದ್ಲಲ್ಲ! ಏರಿಸ್ರಿ ಗುಡ್ಡ!”

ದೊರೆ ಗುಡ್ಡ ಏರಿಸಿದ. ಫಕೀರವ್ವ ರೊಟ್ಟಿ ಏರಿಸಿದಳು. ದೊರೆ ಮತ್ತೆ ಗುಡ್ಡ ಏರಿಸಿದ. ಫಕೀರವ್ವ ಮತ್ತೆ ರೊಟ್ಟಿ ಏರಿಸಿದಳು. ಆಡುಗಳು ಏಣಿ ಹಾಕಿಕೊಂಡು ಜೀಪು ಹತ್ತತೊಡಗಿದವು.

ಗುಡ್ಡಕ್ಕೆ ಮಣ್ಣು ಎಲ್ಲಿಂದ? ಹೊಲದ ಮಣ್ಣು ಮುಟ್ಟಿದರೆ ರೈತರು ಬಾರುಕೋಲು ಎತ್ತುತ್ತಾರೆ. ಅದಕ್ಕೆ ಅರಮನೆಯ ಕೆಳಗಿನ ಮಣ್ಣನ್ನೇ ಅಗೆಸಿದ. ಅಗೆದಷ್ಟೂ ಗುಡ್ಡ ಮೇಲೆ ಹೋಯಿತು, ಅರಮನೆ ಕೆಳಗೆ ಹೋಯಿತು. ಮೊದಲು ಹೊಸ್ತಿಲು, ಆಮೇಲೆ ಕಿಟಕಿ, ಆಮೇಲೆ ಗೋಪುರ. ಒಂದು ದಿನ ಬೆಳಿಗ್ಗೆ ದೊರೆ ಮೀಸೆ ತಿರುವಲು ಹೊರಟರೆ ಹತ್ತಲಾಗದಷ್ಟು ಆಳದಲ್ಲಿದ್ದ.

“ಯಾರರ ಬರ್ರೋ!”

ಆನೆ ಇಣುಕಿ ನೋಡಿ ಹಿಂದೆ ಸರಿಯಿತು. ಕುದುರೆ ಹೊಟ್ಟೆನೋವು ಅಂತ ಮಲಗಿತು. ಅಂಥ ತಗ್ಗಿಗೆ ಇಳಿದು ಹತ್ತುವ ಎತ್ತರ, ಎಳೆತ ಇದ್ದದ್ದು ಅತ್ತಿಗೆ ಒಬ್ಬಳಿಗೇ. ಫಕೀರವ್ವ ಮಧ್ಯಾಹ್ನದ ಹೊತ್ತಿಗೆ ಜೀಪು ಇಳಿಸಿದಳು.

“ದೊರೆಗಳ, ಹತ್ತಿಸ್ತೀನಿ. ಆ ಗುಜರಿ ಕಾನೂನು ತಗದ್ ಬಿಡ್ರಿ.”

“ಸಾಧ್ಯ ಇಲ್ಲ. ಗುಡ್ಡ ತಾಗಿದ್ರ ಗುಜರಿ, ಒಳಗಿದ್ದವರ ಸಮೇತ. ನಡಿ, ನನ್ನ ಗುಡ್ಡದ ಮ್ಯಾಲ ಬಿಡು.”

“ಹತ್ತಿಸ್ಕೊ ಸೊಸಿ,” ಅಂದಳು ಅತ್ತಿ. “ನಾ ಹೊತ್ತ ಆಡುಗಳಿಗೂ ಇಷ್ಟ ಬುದ್ಧಿ ಇತ್ತು.”

ತಗ್ಗು ಎಷ್ಟು ಆಳವೆಂದರೆ ಹತ್ತುತ್ತಾ ಹತ್ತುತ್ತಾ ಸಂಜೆಯಾಯಿತು. ದೊರೆ ಬೆಳಿಗ್ಗೆಯಿಂದ ಉಂಡಿರಲಿಲ್ಲ. ಅಡುಗೆಮನೆ ಎಲ್ಲಕ್ಕಿಂತ ಕೆಳಗೆ ಹೋಗಿತ್ತು. ಜೀಪಿನ ಕೆಳಗಿನಿಂದ ಘಮ ಘಮ ಶೇಂಗಾ ಚಟ್ನಿಯ ವಾಸನೆ. ದೊರೆ ಬಗ್ಗಿ ಕೈ ಹಾಕಿದ. ಕಟಕ್! ಒಂದು ತುಂಡು. ಕಟಕ್! ಇನ್ನೊಂದು.

“ಅತ್ತಿ, ಯಾಕ ತಗ್ಗಾಗಾಕ ಹತ್ತೀರಿ?”

“ನನ್ನ ಸೊಂಟಾನ ಯಾರೋ ಉಣ್ಣಾಕ ಹತ್ಯಾರ, ಸೊಸಿ!”

ಗುಡ್ಡ ಏರುವ ಹೊತ್ತಿಗೆ ದೊರೆ ತೇಗಿದ. ಅತ್ತಿ ಕುಸಿದಳು. ಹೊಟ್ಟೆ ಗುಡ್ಡಕ್ಕೆ ತಾಗಿತು, ಜರ್ರ್!

ಫಕೀರವ್ವ ಸ್ಟೇರಿಂಗಿನ ಮೇಲೆ ತಲೆ ಇಟ್ಟಳು. ತ್ವಾಟಪ್ಪ ತಕ್ಕಡಿ ಎತ್ತಿಕೊಂಡು ಬಂದ.

“ಬರ್ರಿ ದೊರೆಗಳ. ಕಬ್ಬಿಣ ಒಂದ ಕಡೆ, ನೀವು ಒಂದ ಕಡೆ.”

“ನಾ ಯಾಕ?”

“ಒಳಗಿದ್ದವರ ಸಮೇತ ಅಲ್ರಿ?”

ಗುಜರಿಯಲ್ಲಿದ್ದ ಬ್ಯಾಂಡಿನವರು ದೊರೆಯ ಸ್ವಾಗತಕ್ಕೆ ಶುರು ಹಚ್ಚಿಯೇಬಿಟ್ಟರು. ದೊರೆಯ ಬಾಯಲ್ಲಿದ್ದ ಕೊನೆಯ ತುಂಡು ಬಿತ್ತು.

“ಇದು ಗುಡ್ಡ ಅಲ್ಲ! ಮಣ್ಣು! ಅರಮನಿ ಮಣ್ಣು!”

“ಅರಮನಿದಾದ್ರ ಅರಮನಿಗೇ ಹಾಕ್ರಲ್ಲ,” ಅಂದಳು ಫಕೀರವ್ವ ತಲೆ ಎತ್ತಿ.

ಹಾಕಿದರು. ಅರಮನೆ ಮೇಲೆ ಬಂತು, ಗುಡ್ಡ ಹೋಯಿತು, ಕಾನೂನೂ ಹೋಯಿತು. ಫಕೀರವ್ವ ಹೊಸ ರೊಟ್ಟಿ ಬಡಿದು ಅತ್ತಿಯನ್ನು ಮತ್ತೆ ಎತ್ತಿ ನಿಲ್ಲಿಸಿದಳು. ಈಗ ದೊರೆ ದಿನಾ ಬೆಳಿಗ್ಗೆ ಅವಳ ಮನೆಗೇ ಬಂದು, ಅತ್ತಿಯ ತಲೆ ಮೇಲೆ ಹತ್ತಿ ಮೀಸೆ ತಿರುವುತ್ತಾನೆ. ಅಷ್ಟು ಎತ್ತರದಿಂದ ಪಕ್ಕದ ರಾಜ್ಯದ ಗುಡ್ಡ ಗಿಡ್ಡ ಕಾಣುತ್ತದಂತೆ.

ಈ ಕತೆಯ ನೀತಿ ಏನಪ್ಪಾ ಅಂದರೆ, ಜೀಪು ಎತ್ತಿಸುವಾಗ ಚಟ್ನಿ ಕಡಿಮೆ ಹಚ್ಚಬೇಕು.

ಇನ್ನೊಂದು ಮಾತು. ಹೊಟ್ಟೆ ಜರ್ರ್ ಅಂದದ್ದರ ತನಕ ನಾನು ಕೇಳಿದ ಕತೆ. ತ್ವಾಟಪ್ಪ ತಕ್ಕಡಿ ತಂದ ಮೇಲಿನದ್ದು ನಾನೇ ಕಟ್ಟಿದ್ದು. ಮತ್ತೇನು ಮಾಡಲಿ? ಅಂಥಾ ಅತ್ತಿಯನ್ನು ಗುಜರಿಗೆ ಕಳಿಸಿ ಬಂದಿದ್ದರೆ, ನೀವು ನನಗೆ ರೊಟ್ಟಿ ಹಾಕುತ್ತಿದ್ದಿರೇನು?